ಫೋಟೊದಿಂದ ಚಿತ್ರಕ್ಕೆ: ನಮ್ಮ ಕಲಾವಿದರನ್ನು ನೋಡಿ ಕಲಿಯುವ ದಾರಿ

ನನ್ನ ಹತ್ತಿರ ಅಜ್ಜಿಯದ್ದೊಂದು ಫೋಟೊ ಇದೆ. ಸಾಗರದ ಹತ್ತಿರದ ಹಳೇ ಮನೆ, ಜಗಲಿ, ಬೆಳಿಗ್ಗೆ ಒಂಬತ್ತರ ಹೊತ್ತು. ಅಜ್ಜಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಾಳೆ. ಎಡಗಡೆಯಿಂದ ಬಿಸಿಲು ಬಂದು ಅರ್ಧ ಮುಖಕ್ಕೆ ಬಿದ್ದಿದೆ. ಮೊಬೈಲಲ್ಲಿ ಸುಮ್ನೆ ತೆಗೆದದ್ದು. ಹಿಂದೆ ನೀಲಿ ಪ್ಲಾಸ್ಟಿಕ್ ಬಕೆಟ್, ಒಣಗಲು ಹಾಕಿದ ಟವೆಲ್, ಗೋಡೆ ಮೇಲೆ ಕರೆಂಟಿನ ವಯರು, ಎಲ್ಲ ಬಂದಿವೆ.

ಇದನ್ನು ತೈಲಚಿತ್ರದ ಹಾಗೆ ಮಾಡಬೇಕು ಅಂತ ಆಸೆಯಾಯಿತು. ಒಂದು ಆ್ಯಪ್ ಹಾಕಿಕೊಂಡು, ಆಯಿಲ್ ಪೇಂಟ್ ಅನ್ನುವ ಗುಂಡಿ ಒತ್ತಿದೆ. ಎರಡು ಸೆಕೆಂಡಿನಲ್ಲಿ ಚಿತ್ರ ರೆಡಿ. ಮೊದಲು ಖುಷಿಯಾಯಿತು. ಆಮೇಲೆ ನೋಡುತ್ತಾ ನೋಡುತ್ತಾ ಬೇಸರವಾಯಿತು. ಅಜ್ಜಿಯ ಮುಖ ಎಷ್ಟು ಚೆನ್ನಾಗಿ ಬಂದಿತ್ತೋ ಬಕೆಟ್ಟೂ ಅಷ್ಟೇ ಚೆನ್ನಾಗಿ ಬಂದಿತ್ತು. ಅಜ್ಜಿ ಯಾರು, ಬಕೆಟ್ ಯಾವುದು ಅಂತ ಫಿಲ್ಟರಿಗೆ ಗೊತ್ತಿಲ್ಲ. ಅದನ್ನು ಹೇಳಿಕೊಡಬೇಕಾದವರು ನಾವು. ಫೋಟೊವನ್ನು ಚಿತ್ರವಾಗಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡುವುದು.

ಅದನ್ನು ಕಲಿಯಲು ನನಗೆ ಸಿಕ್ಕ ಮೇಷ್ಟ್ರುಗಳು ನಮ್ಮ ನಾಡಿನ ಗೋಡೆಗಳ ಮೇಲೇ ಇದ್ದರು. ವೆಂಕಟಪ್ಪ, ಹೆಬ್ಬಾರ್, ರುಮಾಲೆ, ಪಂಡಿತ್, ಜೊತೆಗೆ ಹೆಸರೇ ಬರೆಯದ ಮೈಸೂರು ಶೈಲಿಯ ಚಿತ್ರಗಾರರು, ಮಲೆನಾಡಿನ ಚಿತ್ತಾರ ಬರೆಯುವ ಹೆಣ್ಣುಮಕ್ಕಳು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಒಂದು ಹೆಜ್ಜೆ ಕಂಪ್ಯೂಟರಿನಲ್ಲಿ, ಇನ್ನೊಂದು ಹೆಜ್ಜೆ ಗ್ಯಾಲರಿಯಲ್ಲಿ.

ಏನೇನು ಬೇಕು

ಕಂಪ್ಯೂಟರ್ ಇದ್ದರೆ ಗಿಂಪ್ ಮತ್ತು ಕ್ರಿತಾ ಹಾಕಿಕೊಳ್ಳಿ. ಎರಡೂ ಉಚಿತ. ಫೋಟೊ ತಿದ್ದಲು ಗಿಂಪ್ ಒಳ್ಳೆಯದು, ಬ್ರಷ್ ಆಡಿಸಲು ಕ್ರಿತಾ ಒಳ್ಳೆಯದು. ಫೋಟೊಶಾಪ್ ಇರುವವರು ಅದರಲ್ಲೇ ಎಲ್ಲ ಮಾಡಬಹುದು. ಬರೀ ಮೊಬೈಲ್ ಇದ್ದರೆ, ಫೋಟೊ ತಿದ್ದಲು ಸ್ನ್ಯಾಪ್‌ಸೀಡ್, ಬಣ್ಣ ಬಳಿಯಲು ಐಬಿಸ್ ಪೇಂಟ್ ಸಾಕು. ಪೆನ್ ಟ್ಯಾಬ್ಲೆಟ್ ಇದ್ದರೆ ಸುಖ, ಇಲ್ಲದಿದ್ದರೆ ಮೌಸಿನಲ್ಲೂ ಆಗುತ್ತದೆ. ನಾನು ಅಜ್ಜಿಯ ಚಿತ್ರವನ್ನು ಪೂರ್ತಿ ಮೌಸಿನಲ್ಲೇ ಮಾಡಿದ್ದು.

ಫೋಟೊದ ಮೂಲ ಫೈಲೇ ಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಸಾಮಾನ್ಯವಾಗಿ ಕುಗ್ಗಿ ಬಂದಿರುತ್ತದೆ, ಅದು ಬೇಡ. ಎ4 ಅಳತೆಗೆ ಚೆನ್ನಾಗಿ ಪ್ರಿಂಟ್ ಆಗಬೇಕಾದರೆ ಸುಮಾರು 2480 × 3508 ಪಿಕ್ಸೆಲ್ ಬೇಕು. ಅಂದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊ ಇದಕ್ಕೆ ಧಾರಾಳವಾಗಿ ಸಾಕು. ಕೆಲಸ ಶುರು ಮಾಡುವ ಮುಂಚೆ ಒಂದು ನಕಲು ಮಾಡಿ, ಮೂಲವನ್ನು ಮುಟ್ಟಬೇಡಿ.

ಯಾವ ಫೋಟೊ ಆರಿಸಬೇಕು

ಒಳ್ಳೆಯ ಫೋಟೊ ಎಲ್ಲವೂ ಒಳ್ಳೆಯ ಚಿತ್ರ ಆಗುವುದಿಲ್ಲ. ಉಲ್ಟಾನೂ ನಿಜ. ಸ್ವಲ್ಪ ಅಲುಗಾಡಿದ, ಮಂಜಾದ ಫೋಟೊಗಳು ಕೆಲವೊಮ್ಮೆ ಬಹಳ ಚೆನ್ನಾಗಿ ಒದಗುತ್ತವೆ.

ನೋಡಬೇಕಾದ್ದು ಬೆಳಕು. ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗೆ ಹೋದವರೆಲ್ಲ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರುತ್ತೀರಿ. ಬಹಳ ಜನ ಅದನ್ನು ರವಿವರ್ಮರದ್ದು ಅಂದುಕೊಂಡಿರುತ್ತಾರೆ. ಅದು ಎಸ್. ಎಲ್. ಹಳದಣಕರ್ ಅವರದ್ದು. ಸಾವಂತವಾಡಿಯವರು. ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ. ಒಂದೇ ಒಂದು ದೀಪ. ಅದಕ್ಕೆ ಗಾಳಿ ತಾಗದಂತೆ ಒಂದು ಕೈ ಅಡ್ಡ ಹಿಡಿದಿದ್ದಾಳೆ. ಆ ಬೆರಳುಗಳನ್ನು ಹತ್ತಿರದಿಂದ ನೋಡಿ. ಬೆಳಕು ಬೆರಳಿನ ಒಳಗೆ ಹೊಕ್ಕು ಕೆಂಪಗೆ ಕಾಣುತ್ತದೆ. ಮುಖ, ಕತ್ತು, ಸೀರೆಯ ಮಡಿಕೆ, ಎಲ್ಲಕ್ಕೂ ಬೆಳಕು ಅದೊಂದೇ ಕಡೆಯಿಂದ. ಉಳಿದದ್ದೆಲ್ಲ ಕತ್ತಲೆಗೆ ಬಿಟ್ಟಿದ್ದಾರೆ.

ನಿಮ್ಮ ಮೊಬೈಲಿನ ಫೋಟೊ ಗ್ಯಾಲರಿಯಲ್ಲೂ ಹೀಗೆ ಒಂದೇ ಕಡೆಯಿಂದ ಬೆಳಕು ಬಿದ್ದ ಫೋಟೊ ಹುಡುಕಿ. ಕಿಟಕಿ ಪಕ್ಕ ಕೂತವರು, ಒಲೆ ಮುಂದಿನವರು, ಸಂಜೆ ಬಿಸಿಲಿನ ಬೀದಿ. ಮಧ್ಯಾಹ್ನ ನೆತ್ತಿ ಮೇಲೆ ಸೂರ್ಯ ಇದ್ದಾಗ ತೆಗೆದದ್ದು, ಫ್ಲ್ಯಾಶ್ ಹಾಕಿ ತೆಗೆದದ್ದು ಸಾಮಾನ್ಯವಾಗಿ ಕೈಕೊಡುತ್ತವೆ. ಫ್ಲ್ಯಾಶ್ ನೆರಳನ್ನೆಲ್ಲ ತಿಂದುಬಿಡುತ್ತದೆ, ಮುಖ ಚಪ್ಪಟೆ ಆಗುತ್ತದೆ.

ಫೋಟೊವನ್ನು ಸ್ಕ್ರೀನಿನಲ್ಲಿ ಹೆಬ್ಬೆರಳಿನ ಗಾತ್ರಕ್ಕೆ ಕುಗ್ಗಿಸಿ ನೋಡುವುದೂ ಒಂದು ಉಪಾಯ. ಆಗಲೂ ಏನಿದೆ ಅಂತ ಗೊತ್ತಾದರೆ ಅದರಲ್ಲಿ ಚಿತ್ರ ಇದೆ. ಗೊತ್ತಾಗದಿದ್ದರೆ ಬೇರೆ ಆರಿಸಿ.

ಕಣ್ಣು ಕಿರಿದು ಮಾಡಿ ನೋಡುವುದು

ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಚಿತ್ರಕಾರರು ಬರೆಯುವಾಗ ಆಗಾಗ ಕಣ್ಣು ಕಿರಿದು ಮಾಡುವುದನ್ನು ನೋಡಿದ್ದೀರಲ್ವಾ? ಹಾಗೆ ನೋಡಿದಾಗ ಸಣ್ಣಪುಟ್ಟ ವಿವರ ಮಾಯವಾಗಿ, ದೊಡ್ಡ ದೊಡ್ಡ ಕಪ್ಪು ಬಿಳುಪಿನ ಆಕಾರಗಳು ಮಾತ್ರ ಉಳಿಯುತ್ತವೆ. ಇದನ್ನೇ ಕಂಪ್ಯೂಟರಿನಲ್ಲಿ ಮಾಡಬಹುದು. ಗಿಂಪ್‌ನಲ್ಲಿ ಫೋಟೊದ ಲೇಯರನ್ನು ಡ್ಯೂಪ್ಲಿಕೇಟ್ ಮಾಡಿ. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಹಾಳೆಗಳ ಹಾಗೆ. ಕಲರ್ಸ್ ಮೆನುವಿನಲ್ಲಿ ಡಿಸ್ಯಾಚುರೇಟ್ ಒತ್ತಿ ಬಣ್ಣ ತೆಗೆಯಿರಿ. ಅದೇ ಮೆನುವಿನಲ್ಲಿ ಪೋಸ್ಟರೈಸ್ ತೆಗೆದು 4 ಅಂತ ಕೊಡಿ. ಈಗ ನಿಮ್ಮ ಫೋಟೊ ಕಪ್ಪು, ಗಾಢ ಬೂದು, ತಿಳಿ ಬೂದು, ಬಿಳಿ ಅನ್ನುವ ನಾಲ್ಕೇ ತುಂಡುಗಳಾಗಿ ನಿಲ್ಲುತ್ತದೆ.

ಅಜ್ಜಿಯ ಫೋಟೊಗೆ ಹೀಗೆ ಮಾಡಿದಾಗ ನನಗೆ ಎರಡು ವಿಷಯ ಗೊತ್ತಾಯಿತು. ಅತಿ ಬಿಳಿ ಇದ್ದದ್ದು ಮುಖದಲ್ಲಿ ಅಲ್ಲ, ಟವೆಲ್‌ನಲ್ಲಿ. ಹಾಗಾಗಿ ಕಣ್ಣು ಸೀದಾ ಟವೆಲ್‌ಗೆ ಹೋಗುತ್ತಿತ್ತು. ಎರಡನೆಯದು, ಅಜ್ಜಿಯ ತಲೆಯ ಹಿಂಭಾಗ ಮತ್ತು ಬಾಗಿಲಿನ ಕತ್ತಲು ಒಂದೇ ಕಪ್ಪು ತುಂಡಾಗಿ ಸೇರಿಹೋಗಿದ್ದವು. ಎರಡನೆಯದು ತಪ್ಪಲ್ಲ, ಅದು ಚೆಂದ. ಅಂಚು ಕಾಣದೆ ಕತ್ತಲಲ್ಲಿ ಕರಗಿದ ತಲೆ ಫೋಟೊಗಿಂತ ಚಿತ್ರಕ್ಕೇ ಹತ್ತಿರ. ಟವೆಲ್ ಮಾತ್ರ ಹೋಗಲೇಬೇಕಿತ್ತು.

ಈ ನಾಲ್ಕು ತುಂಡಿನ ಲೇಯರನ್ನು ಅಳಿಸಬೇಡಿ. ಕಣ್ಣು ಐಕಾನ್ ಒತ್ತಿ ಮರೆಮಾಡಿ ಇಟ್ಟುಕೊಳ್ಳಿ. ಕೊನೆಯವರೆಗೂ ಆಗಾಗ ತೆಗೆದು ಹೋಲಿಸಬೇಕಾಗುತ್ತದೆ.

ಕಸ ತೆಗೆಯುವುದು

ಗಿಂಪ್‌ನ ಹೀಲ್ ಅಥವಾ ಕ್ಲೋನ್ ಟೂಲ್, ಸ್ನ್ಯಾಪ್‌ಸೀಡ್‌ನ ಹೀಲಿಂಗ್, ಯಾವುದಾದರೂ ಸರಿ. ವಯರು, ಸ್ವಿಚ್ ಬೋರ್ಡು, ಹಿಂದೆ ನಡೆದು ಹೋಗುತ್ತಿರುವವರ ಕಾಲು, ಎಲ್ಲ ತೆಗೆಯಿರಿ. ದೊಡ್ಡ ವಸ್ತು ಇದ್ದರೆ ಹೀಲಿಂಗ್‌ನಲ್ಲಿ ಒದ್ದಾಡಬೇಡಿ. ಪಕ್ಕದ ಗೋಡೆಯ ಬಣ್ಣ ತೆಗೆದುಕೊಂಡು ದಪ್ಪ ಬ್ರಷ್‌ನಲ್ಲಿ ಬಳಿದುಬಿಡಿ. ಹೇಗೂ ಚಿತ್ರ ಆಗುವುದು ತಾನೇ. ನಾನು ಬಕೆಟ್ಟನ್ನೂ ಟವೆಲ್ಲನ್ನೂ ಹಾಗೇ ಮುಚ್ಚಿದೆ.

ಆದರೆ ಎಲ್ಲವೂ ಕಸ ಅಲ್ಲ. ಅಜ್ಜಿಯ ಪಕ್ಕ ಒಂದು ಹಿತ್ತಾಳೆ ಚೊಂಬು ಇತ್ತು. ಮೊದಲು ಅದನ್ನೂ ತೆಗೆದೆ. ಚಿತ್ರ ಬೋಳಾಯಿತು. ವಾಪಸ್ ತಂದೆ. ಹೀಗೆ ತೆಗೆದು, ಇಟ್ಟು, ನೋಡಿ ತೀರ್ಮಾನಿಸಬೇಕು.

ಬಣ್ಣ ಕಮ್ಮಿ ಮಾಡುವುದು

ಮೊಬೈಲ್ ಫೋಟೊದಲ್ಲಿ ಬಣ್ಣಗಳು ತುಂಬಾ ಜಾಸ್ತಿ. ಚಿತ್ರದಲ್ಲಿ ಅಷ್ಟು ಬೇಡ.

ಇದನ್ನು ನಾನು ಕಲಿತದ್ದು ಹಸೆ ಚಿತ್ತಾರದಿಂದ. ನಮ್ಮ ಶಿವಮೊಗ್ಗ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಗೋಡೆ ಮೇಲೆ ಬರೆಯುವ ಚಿತ್ತಾರ ಅದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಅಷ್ಟೇ. ನಾಲ್ಕು ಬಣ್ಣದಲ್ಲಿ ಮದುವೆಯ ಹಸೆಗೋಡೆ ತುಂಬಿ ಬರುತ್ತದೆ. ಆ ಗೆರೆಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸ್ಕೇಲ್ ಇಟ್ಟ ಹಾಗೆ ನೇರ, ಆದರೆ ಕೈಯ ಸಣ್ಣ ನಡುಕವೂ ಅದರಲ್ಲಿದೆ. ಯಾವ ಫಿಲ್ಟರಿನಿಂದಲೂ ಅದು ಬರುವುದಿಲ್ಲ.

ನಿಮ್ಮ ಫೋಟೊಗೂ ನಾಲ್ಕೈದು ಬಣ್ಣ ಸಾಕು ಅಂತ ತೀರ್ಮಾನ ಮಾಡಿ. ಫೋಟೊದಿಂದಲೇ ಕಲರ್ ಪಿಕರ್‌ನಲ್ಲಿ ಬಣ್ಣ ಎತ್ತಿ, ಪಕ್ಕದಲ್ಲಿ ಖಾಲಿ ಲೇಯರ್ ಮಾಡಿ, ಅಲ್ಲಿ ಚೌಕ ಚೌಕವಾಗಿ ಬಳಿದಿಟ್ಟುಕೊಳ್ಳಿ. ಅಜ್ಜಿಯ ಚಿತ್ರಕ್ಕೆ ನಾನು ಇಟ್ಟುಕೊಂಡದ್ದು ಕೆಮ್ಮಣ್ಣಿನ ಕೆಂಪು, ಹಿತ್ತಾಳೆ ಹಳದಿ, ಸೀರೆಯ ಮಾಸಿದ ಹಸಿರು, ಕತ್ತಲಿನ ಕಂದು, ಅಕ್ಕಿಯ ಬಿಳಿ. ಇದರ ಆಚೆ ಹೋಗುವ ಬಣ್ಣ ಕಂಡಲ್ಲೆಲ್ಲ ಹ್ಯೂ-ಸ್ಯಾಚುರೇಶನ್‌ನಲ್ಲಿ ಆ ಬಣ್ಣವನ್ನು ಮಾತ್ರ ತಗ್ಗಿಸಿದೆ.

ಬಿಸಿಲು ಬಿದ್ದ ಕಡೆ ಸ್ವಲ್ಪ ಹಳದಿಗೆ, ನೆರಳಿನ ಕಡೆ ಸ್ವಲ್ಪ ನೀಲಿಗೆ ತಿರುಗಿಸಿ. ಕಲರ್ ಬ್ಯಾಲೆನ್ಸ್‌ನಲ್ಲಿ ಹೈಲೈಟ್ಸ್, ಶ್ಯಾಡೋಸ್ ಅಂತ ಬೇರೆ ಬೇರೆ ಇವೆ, ಅಲ್ಲಿ ಮಾಡಬಹುದು. ಸ್ವಲ್ಪ ಅಂದರೆ ನಿಜವಾಗಲೂ ಸ್ವಲ್ಪ.

ಬಣ್ಣ ಧಾರಾಳವಾಗಿ ಬೇಕಾದ ಫೋಟೊಗಳೂ ಇರುತ್ತವೆ. ಅದಕ್ಕೆ ರುಮಾಲೆ ಚನ್ನಬಸವಯ್ಯನವರನ್ನು ನೋಡಿ. ದೊಡ್ಡಬಳ್ಳಾಪುರದ ಕಡೆಯವರು, ಹುಟ್ಟಿದ್ದು 1910ರಲ್ಲಿ. ಸ್ವಾತಂತ್ರ್ಯ ಹೋರಾಟ, ರಾಜಕೀಯ ಎಲ್ಲ ಆದ ಮೇಲೆ ಮತ್ತೆ ಕುಂಚ ಹಿಡಿದು, ಬೆಂಗಳೂರಿನ ಹೂ ಬಿಟ್ಟ ಮರಗಳನ್ನು ಬರೆದರು. ಗುಲ್‌ಮೊಹರ್, ಜಕರಂಡ. ಸ್ಥಳದಲ್ಲೇ ನಿಂತು ಬರೆದವರು ಅವರು. ಅವರ ಮರದಲ್ಲಿ ಒಂದೊಂದು ಹೂವನ್ನು ಬಿಡಿಸಿಲ್ಲ. ಬಣ್ಣದ ಚುಕ್ಕೆ, ಪಕ್ಕದಲ್ಲಿ ಇನ್ನೊಂದು ಚುಕ್ಕೆ. ದೂರದಿಂದ ನೋಡಿದರೆ ಮರ ಉರಿಯುತ್ತಿರುವ ಹಾಗೆ ಕಾಣುತ್ತದೆ. ಹೂಮರದ ಫೋಟೊ ಇದ್ದರೆ ಎಲೆ ಎಲೆಯನ್ನೂ ಚೂಪಾಗಿ ಇಡಲು ಹೋಗಬೇಡಿ.

ಈಗ ಫಿಲ್ಟರ್

ಇಷ್ಟೆಲ್ಲ ಆದ ಮೇಲೆ ಫಿಲ್ಟರಿನ ಸರದಿ. ಅದು ಒಳಗೆ ಏನು ಮಾಡುತ್ತದೆ ಅಂತ ತಿಳಿದಿದ್ದರೆ ಅಳತೆ ಕೊಡುವುದು ಸುಲಭ.

ಗಿಂಪ್‌ನಲ್ಲಿ ಫಿಲ್ಟರ್ಸ್, ಆರ್ಟಿಸ್ಟಿಕ್, ಆಯಿಲಿಫೈ ಅಂತ ಇದೆ. ಅದು ಪ್ರತಿ ಪಿಕ್ಸೆಲ್‌ನ ಸುತ್ತ ಒಂದು ವೃತ್ತ ಎಳೆದು, ಆ ವೃತ್ತದೊಳಗೆ ಯಾವ ಮಟ್ಟದ ಬೆಳಕು ಹೆಚ್ಚು ಸಲ ಬಂದಿದೆ ಅಂತ ಎಣಿಸಿ, ಅದರ ಬಣ್ಣವನ್ನೇ ಆ ಪಿಕ್ಸೆಲ್‌ಗೆ ಕೊಡುತ್ತದೆ. ಹಾಗಾಗಿ ಸಣ್ಣ ಸಣ್ಣ ವ್ಯತ್ಯಾಸ ಹೋಗಿ ಬಣ್ಣದ ತೇಪೆಗಳು ಉಳಿಯುತ್ತವೆ. ಮಾಸ್ಕ್ ರೇಡಿಯಸ್ ಅನ್ನುವುದು ಆ ವೃತ್ತದ ಅಳತೆ. ಜಾಸ್ತಿ ಮಾಡಿದರೆ ದಪ್ಪ ಬ್ರಷ್, ಕಮ್ಮಿ ಮಾಡಿದರೆ ಸಣ್ಣ ಬ್ರಷ್ ಅಂದುಕೊಳ್ಳಿ. ಕ್ರಿತಾದಲ್ಲೂ ಆರ್ಟಿಸ್ಟಿಕ್ ಕೆಳಗೆ ಆಯಿಲ್‌ಪೇಂಟ್ ಇದೆ, ಅಲ್ಲಿ ಬ್ರಷ್ ಸೈಜ್ ಅಂತಲೇ ಕೇಳುತ್ತದೆ. ಕುವಾಹಾರಾ ಅನ್ನುವ ಇನ್ನೊಂದು ಜಾತಿಯ ಫಿಲ್ಟರ್ ಇದೆ. 1976ರಲ್ಲಿ ಜಪಾನಿನಲ್ಲಿ ವೈದ್ಯಕೀಯ ಚಿತ್ರಗಳ ಗಜಿಬಿಜಿ ತೆಗೆಯಲು ಮಾಡಿದ್ದು. ಒಳಭಾಗವನ್ನು ನುಣುಪು ಮಾಡಿದರೂ ಅಂಚನ್ನು ಕೆಡಿಸುವುದಿಲ್ಲ. ಅದಕ್ಕೇ ಚಿತ್ರದ ಹಾಗೆ ಕಾಣುತ್ತದೆ.

ಈಗ ಮುಖ್ಯವಾದ ಮಾತು. ಇಡೀ ಚಿತ್ರಕ್ಕೆ ಒಂದೇ ಅಳತೆ ಕೊಡಬೇಡಿ.

ಮೈಸೂರು ಶೈಲಿಯವರು ಕೆಲಸ ಮಾಡುವ ಕ್ರಮ ನೆನಪಿಟ್ಟುಕೊಳ್ಳಿ. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಹಾಕಿ, ಮೊದಲು ಆಕಾಶ, ಬೆಟ್ಟ, ನದಿಗೆ ಬಣ್ಣ. ಆಮೇಲೆ ಪ್ರಾಣಿಗಳು, ಮನುಷ್ಯರು. ಆಮೇಲೆ ಮುಖ, ಉಡುಗೆ, ಒಡವೆಗಳ ಸೂಕ್ಷ್ಮ ಕೆಲಸ. ಹಿಂದಿನಿಂದ ಮುಂದಕ್ಕೆ, ದೊಡ್ಡದರಿಂದ ಸಣ್ಣದಕ್ಕೆ. ನಾವೂ ಹಾಗೇ ಮಾಡೋಣ.

ತಿದ್ದಿದ ಫೋಟೊವನ್ನು ಮೂರು ಲೇಯರ್ ಮಾಡಿ, ಒಂದರ ಮೇಲೊಂದು ಇಡಿ. ಅಡಿಯ ಲೇಯರಿಗೆ ಆಯಿಲಿಫೈ ರೇಡಿಯಸ್ ದೊಡ್ಡದು ಕೊಡಿ, ಮೂರೂವರೆ ಸಾವಿರ ಪಿಕ್ಸೆಲ್ ಎತ್ತರದ ಚಿತ್ರಕ್ಕೆ 20ರ ಆಸುಪಾಸು. ಗೋಡೆ, ನೆಲ, ಕತ್ತಲು ಇದರಲ್ಲಿ ಬರುತ್ತವೆ. ನಡುವಿನದಕ್ಕೆ 10, ಸೀರೆ, ಮೊರ, ಚೊಂಬು ಇದರಲ್ಲಿ. ಮೇಲಿನದಕ್ಕೆ 4 ಅಥವಾ 5, ಮುಖ ಮತ್ತು ಕೈಬೆರಳು ಮಾತ್ರ ಇದರಲ್ಲಿ. ಮೇಲಿನ ಎರಡು ಲೇಯರಿಗೂ ಕಪ್ಪು ಮಾಸ್ಕ್ ಹಾಕಿ, ಅಂದರೆ ಲೇಯರನ್ನು ಮರೆಮಾಡುವ ಪರದೆ. ಆಗ ಅವು ಪೂರ್ತಿ ಮರೆಯಾಗುತ್ತವೆ. ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಆ ಮಾಸ್ಕ್ ಮೇಲೆ ಮೆತ್ತಗಿನ ಬಿಳಿ ಬ್ರಷ್ ಆಡಿಸಿ. ಬಳಿದ ಹಾಗೆ ಮುಖ ನಿಧಾನಕ್ಕೆ ಎದ್ದು ಬರುತ್ತದೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಗಳಿಗೆ ಇದು.

ಅಳತೆಗಳು ಹೀಗೇ ಇರಬೇಕು ಅಂತಿಲ್ಲ. ನಿಮ್ಮ ಫೋಟೊ ನೋಡಿ ಹೆಚ್ಚು ಕಮ್ಮಿ ಮಾಡಿಕೊಳ್ಳಿ. ಒಂದು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಇರುವ ಹಾಗೆ ನೂರು ಪರ್ಸೆಂಟ್ ಜೂಮಿನಲ್ಲಿ ಒಮ್ಮೆ, ಇಡೀ ಚಿತ್ರ ಕಾಣುವ ಹಾಗೆ ಒಮ್ಮೆ ನೋಡಿ.

ಕೈ ಹಚ್ಚುವುದು

ಫಿಲ್ಟರ್ ಮುಗಿದ ಮೇಲೆ ಕೈ ಆಡಲಿಲ್ಲ ಅಂದರೆ ಅದು ಫಿಲ್ಟರ್ ಹಾಕಿದ ಫೋಟೊ ಆಗಿಯೇ ಉಳಿಯುತ್ತದೆ. ಒಂದು ಗಂಟೆ ಕೊಡಿ ಸಾಕು.

ಫೈಲನ್ನು ಕ್ರಿತಾದಲ್ಲಿ ತೆರೆದು, ಎಲ್ಲ ಸೇರಿಸಿದ ಒಂದು ಹೊಸ ಲೇಯರ್ ಮಾಡಿ. ಕಲರ್ ಸ್ಮಜ್ ಜಾತಿಯ ಬ್ರಷ್ ಆರಿಸಿ. ಇದು ಹಸಿ ಬಣ್ಣವನ್ನು ಎಳೆದ ಹಾಗೆ ಎಳೆಯುತ್ತದೆ. ಎಳೆಯುವ ದಿಕ್ಕು ಬಹಳ ಮುಖ್ಯ. ಕೆನ್ನೆಯ ಮೇಲೆ ಕೆನ್ನೆ ಬಾಗಿದ ಹಾಗೆ, ಸೀರೆಯ ಮೇಲೆ ಮಡಿಕೆ ಹರಿದ ಹಾಗೆ, ಕಂಬದ ಮೇಲೆ ಮೇಲಿಂದ ಕೆಳಕ್ಕೆ, ನೆಲದ ಮೇಲೆ ಅಡ್ಡಡ್ಡ. ಕೈಯಿಂದ ಆ ವಸ್ತುವನ್ನು ಸವರಿದರೆ ಕೈ ಹೇಗೆ ಹೋಗುತ್ತದೋ ಹಾಗೆ ಬ್ರಷ್ ಹೋಗಬೇಕು.

ಇಲ್ಲಿ ನನಗೆ ದಾರಿ ತೋರಿಸಿದ್ದು ಎಸ್. ಎಂ. ಪಂಡಿತ್. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ಮನೆ ಮನೆಗೂ ತಲುಪಿದವರು. ಕ್ಯಾಲೆಂಡರ್ ಕಲೆ ಅಂತ ಹಗುರವಾಗಿ ಮಾತಾಡುವವರ ಮೇಲೆ ನನಗೆ ನಿಜವಾಗಲೂ ಬೇಸರವಿದೆ. ಪಂಡಿತರು ಬರೆದ ದೇವರ, ಪುರಾಣದ ಮನುಷ್ಯರ ಮೈಯನ್ನು ನೋಡಿ. ತೋಳಿನ ಮೇಲೆ ಬೆಳಕು ಹೇಗೆ ತಿರುಗಿ ನೆರಳಾಗುತ್ತದೆ, ಆ ನೆರಳಿನೊಳಗೂ ಹೇಗೆ ಬಣ್ಣ ಇದೆ. ಚರ್ಮದ ನೆರಳನ್ನು ಬರೀ ಕಪ್ಪು ಬೆರೆಸಿ ಮಾಡುವುದಿಲ್ಲ. ಅದರಲ್ಲಿ ಕೆಂಪು ಇರುತ್ತದೆ, ಕಂದು ಇರುತ್ತದೆ. ಅಜ್ಜಿಯ ಗಲ್ಲದ ಕೆಳಗಿನ ನೆರಳು ಫೋಟೊದಲ್ಲಿ ಬೂದು ಬಣ್ಣಕ್ಕಿತ್ತು, ಸತ್ತ ಹಾಗೆ. ಅದರ ಮೇಲೆ ತೆಳುವಾಗಿ ಕೆಂಗಂದು ಎಳೆದ ತಕ್ಷಣ ಜೀವ ಬಂತು.

ಅಂಚುಗಳನ್ನೂ ನೋಡಿಕೊಳ್ಳಿ. ಎಲ್ಲ ಅಂಚು ಚೂಪಾಗಿದ್ದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಬೆಳಕಿನ ಕಡೆ ಮುಖದ ಅಂಚು ಚೂಪಾಗಿರಲಿ. ನೆರಳಿನ ಕಡೆ ಹಿಂದಿನ ಕತ್ತಲಿಗೆ ಎಳೆದು ಕಳೆದುಬಿಡಿ.

ಚಿನ್ನದ ವಿಷಯ ಒಂದು. ಅಜ್ಜಿಯ ಮೂಗುತಿ, ಬೆಂಡೋಲೆ ಹೊಳೆಯಬೇಕು ಅಂತ ನಾನು ಹಳದಿ ಸುರಿದೆ. ಅರಿಶಿನ ಹಚ್ಚಿದ ಹಾಗಾಯಿತು. ಮೈಸೂರು ಶೈಲಿಯಲ್ಲಿ ನಿಜವಾದ ಚಿನ್ನದ ಹಾಳೆಯನ್ನೇ ಅಂಟಿಸುತ್ತಾರೆ. ಅದಕ್ಕೂ ಮುಂಚೆ ಸಫೇದ ಅನ್ನುವ ಬಿಳಿ ಪುಡಿ, ರೇವಣಚಿನ್ನಿ ಅನ್ನುವ ಹಳದಿ ಮರದ ಹಾಲು, ಗೋಂದು ಸೇರಿಸಿದ ಲೇಪದಿಂದ ಕೂದಲೆಳೆಯಷ್ಟು ಉಬ್ಬು ಕೆಲಸ ಮಾಡಿರುತ್ತಾರೆ. ತಂಜಾವೂರು ಚಿತ್ರದಲ್ಲಿ ಆ ಉಬ್ಬು ದಪ್ಪ, ನಮ್ಮದರಲ್ಲಿ ಬಹಳ ತೆಳು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅದರ ಸೊಗಸು ಗೊತ್ತಾಗುತ್ತದೆ. ಪ್ರಿಂಟಿನಲ್ಲಿ ಆ ಹೊಳಪು ಸಿಗುವುದಿಲ್ಲ, ಅದಕ್ಕೆ ಬೇರೆ ದಾರಿ ಬೇಕು. ಒಡವೆಯ ಮುಕ್ಕಾಲು ಭಾಗ ಗಾಢ ಕಂದು ಹಳದಿ ಇಟ್ಟು, ಒಂದೇ ಒಂದು ಕಡೆ ಸಾಸಿವೆಯಷ್ಟು ಬಿಳಿ ಚುಕ್ಕೆ ಇಡಿ. ಹೊಳೆಯುತ್ತದೆ.

ಮುಗಿಯಿತು ಅಂದುಕೊಂಡು ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದು ನಿಮಿಷ ನೋಡಿದಳು. "ಮೊರದಲ್ಲಿ ಅಕ್ಕಿನೇ ಕಾಣ್ತಿಲ್ವಲ್ಲ ಮಗಾ" ಅಂದಳು. ನಿಜ. ಫಿಲ್ಟರ್ ಅಕ್ಕಿಯನ್ನೆಲ್ಲ ಕಲಸಿ ಬಿಳಿ ತೇಪೆ ಮಾಡಿತ್ತು, ನಾನು ಗಮನಿಸಿರಲಿಲ್ಲ. ಅವಳ ಕಣ್ಣು ಫೋಟೊ ತೆಗೆಯುವಾಗ ಇದ್ದದ್ದೇ ಆ ಅಕ್ಕಿಯ ಮೇಲೆ. ವಾಪಸ್ ಕೂತು, ಮೂರು ಪಿಕ್ಸೆಲ್ ದಪ್ಪದ ಬ್ರಷ್‌ನಲ್ಲಿ ಅವಳ ಬೆರಳಿನ ಹತ್ತಿರ ಇಪ್ಪತ್ತು ಮೂವತ್ತು ಕಾಳು ಬಿಡಿಸಿದೆ. ಉಳಿದದ್ದು ತೇಪೆಯಾಗೇ ಇರಲಿ ಅಂತ ಬಿಟ್ಟೆ. ಈಗ ಇಡೀ ಮೊರ ಅಕ್ಕಿಯಿಂದ ತುಂಬಿದ ಹಾಗೆ ಕಾಣುತ್ತದೆ. ಕಣ್ಣು ನಿಲ್ಲುವ ಜಾಗದಲ್ಲಿ ಸ್ವಲ್ಪ ವಿವರ ಕೊಟ್ಟರೆ ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

ಜಲವರ್ಣದ ಹಾಗೆ ಬೇಕಾದರೆ

ತೈಲವರ್ಣದ ದಾರಿ ಎಲ್ಲ ಫೋಟೊಗೂ ಒಪ್ಪುವುದಿಲ್ಲ. ಮಂಜು, ಮಳೆ, ಕೆರೆ, ಬೆಟ್ಟದ ಫೋಟೊಗಳಿಗೆ ಜಲವರ್ಣ ಚೆಂದ.

ಇದಕ್ಕೆ ವೆಂಕಟಪ್ಪನವರಿಗಿಂತ ದೊಡ್ಡ ಪಾಠ ಇಲ್ಲ. ಕೆ. ವೆಂಕಟಪ್ಪ 1886ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದರು. ವೀಣೆಯನ್ನೂ ನುಡಿಸುತ್ತಿದ್ದರು. ಊಟಿ, ಕೊಡೈಕೆನಾಲ್‌ನಲ್ಲಿ ಅವರು ಮಾಡಿದ ಜಲವರ್ಣಗಳ ಮುಂದೆ ನಿಂತರೆ ಸ್ವೆಟರ್ ಹಾಕಿಕೊಳ್ಳಬೇಕು ಅನಿಸುತ್ತದೆ. ದೂರದ ಬೆಟ್ಟ ಮಂಜಿನಲ್ಲಿ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹತ್ತಿರದ ಮರ ಗಾಢ, ಅದರ ಹಿಂದಿನದು ಸ್ವಲ್ಪ ತಿಳಿ, ಅದರ ಹಿಂದಿನದು ಬರೀ ನೀಲಿ ಉಸಿರು.

ಮಾಡುವ ರೀತಿ ಹೀಗೆ. ಫೋಟೊವನ್ನು ಬೆಳಕು ಕತ್ತಲು ಹೊಂದಿಸುವ ಕರ್ವ್ಸ್‌ನಲ್ಲಿ ಸಾಕಷ್ಟು ತಿಳಿ ಮಾಡಿ, ಅಚ್ಚ ಕಪ್ಪು ಎಲ್ಲೂ ಉಳಿಯಬಾರದು. ದೂರದ ಭಾಗವನ್ನು ಇನ್ನೂ ತಿಳಿ ಮಾಡಿ, ಸ್ವಲ್ಪ ನೀಲಿ ಕೊಡಿ. ನುಣುಪು ಮಾಡುವ ಫಿಲ್ಟರನ್ನು ಹಗುರವಾಗಿ ಹಾಕಿ. ಆಮೇಲೆ ಮನೆಯಲ್ಲೇ ಒಂದು ಒರಟು ಡ್ರಾಯಿಂಗ್ ಹಾಳೆಯನ್ನು ಕಿಟಕಿ ಪಕ್ಕ ಇಟ್ಟು ಫೋಟೊ ತೆಗೆದು, ಅದನ್ನು ಮೇಲಿನ ಲೇಯರ್ ಮಾಡಿ, ಮೋಡ್ ಅನ್ನು ಮಲ್ಟಿಪ್ಲೈಗೆ ಬದಲಾಯಿಸಿ. ಕಾಗದದ ಒರಟುತನ ಬಣ್ಣದೊಳಗಿಂದ ಕಾಣುತ್ತದೆ. ಚಿತ್ರದ ನಾಲ್ಕೂ ಅಂಚನ್ನು ಮಾಸ್ಕಿನಲ್ಲಿ ಅಂಕುಡೊಂಕಾಗಿ ಅಳಿಸಿ, ಬಿಳಿ ಕಾಗದ ಕಾಣಲಿ. ಜಲವರ್ಣದಲ್ಲಿ ಬಿಳಿ ಅಂದರೆ ಸಾಮಾನ್ಯವಾಗಿ ಬಣ್ಣ ಹಚ್ಚದೆ ಬಿಟ್ಟ ಕಾಗದ. ಹಾಗಾಗಿ ನೀರಿನ ಮಿಂಚು, ಮೋಡದ ಅಂಚು ಇರುವಲ್ಲಿ ಪೂರ್ತಿ ಖಾಲಿ ಬಿಡಿ.

ಬರೀ ಗೆರೆ

ಕೆಲವು ಫೋಟೊಗಳಲ್ಲಿ ಬಣ್ಣಕ್ಕಿಂತ ಚಲನೆ ಮುಖ್ಯ. ಯಕ್ಷಗಾನದ ಕುಣಿತ, ಓಡುವ ಮಗು, ಬಲೆ ಬೀಸುವವರು. ಇವಕ್ಕೆ ಫಿಲ್ಟರೇ ಬೇಡ. ಫೋಟೊದ ಅಪಾಸಿಟಿ 30 ಮಾಡಿ, ಅಂದರೆ ಫೋಟೊ ಮಸುಕಾಗಿ ಕಾಣುವ ಹಾಗೆ, ಮೇಲೆ ಖಾಲಿ ಲೇಯರ್ ಇಟ್ಟು, ಒಂದೇ ದಪ್ಪದ ಕಪ್ಪು ಬ್ರಷ್‌ನಲ್ಲಿ ಗೆರೆ ಎಳೆಯಿರಿ. ಆಮೇಲೆ ಫೋಟೊ ಮರೆಮಾಡಿ.

ಮೊದಲ ಸಲ ನೀವು ಎಳೆದದ್ದು ಟ್ರೇಸ್ ಮಾಡಿದ ಹಾಗೆ ಸತ್ತು ಬಿದ್ದಿರುತ್ತದೆ. ಆಗ ಕೆ. ಕೆ. ಹೆಬ್ಬಾರರ ರೇಖಾಚಿತ್ರ ತೆಗೆದು ನೋಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು. ಮುಂಬೈಯಲ್ಲಿ ಕಲಿತು, ಪ್ಯಾರಿಸ್‌ಗೂ ಹೋಗಿ ಬಂದರು. ನೃತ್ಯ ಅರ್ಥವಾಗಬೇಕು ಅಂತ ಕಥಕ್ ಅಭ್ಯಾಸ ಮಾಡಿದವರು. ಅವರ ನರ್ತಕಿಯಲ್ಲಿ ಬೆನ್ನಿಂದ ಹಿಡಿದು ಹಿಮ್ಮಡಿವರೆಗೆ ಒಂದೇ ಗೆರೆ ಹರಿದು ಬರುತ್ತದೆ. ಮುಖದಲ್ಲಿ ಎಷ್ಟೋ ಸಲ ಕಣ್ಣು ಮೂಗು ಕೂಡ ಇಲ್ಲ, ಆದರೂ ಅವಳು ತಿರುಗುತ್ತಿದ್ದಾಳೆ ಅಂತ ನಮಗೆ ಗೊತ್ತಾಗುತ್ತದೆ. ಹತ್ತು ಸಲ ಎಳೆದು ಅಳಿಸಿ. ಪ್ರತಿ ಸಲ ಎರಡು ಗೆರೆ ಕಮ್ಮಿ ಮಾಡಿ. ಮೊಣಕೈಯಿಂದ ಎಳೆಯಿರಿ, ಬೆರಳಿಂದ ಅಲ್ಲ.

ಪ್ರಿಂಟ್ ಹಾಕಿಸುವುದು

ಲೇಯರ್ ಇರುವ ಫೈಲನ್ನು ಹಾಗೇ ಉಳಿಸಿಕೊಳ್ಳಿ. ಪ್ರಿಂಟಿಗೆ ಟಿಫ್ ಅಥವಾ ಉತ್ತಮ ಗುಣಮಟ್ಟದ ಜೆಪೆಗ್ ಕೊಡಿ. ಸ್ಕ್ರೀನ್ ತನ್ನೊಳಗಿಂದ ಬೆಳಕು ಬೀರುತ್ತದೆ, ಕಾಗದಕ್ಕೆ ಆ ಬೆಳಕಿಲ್ಲ. ಅದಕ್ಕೇ ಪ್ರಿಂಟ್ ಯಾವಾಗಲೂ ಸ್ವಲ್ಪ ಕಪ್ಪಗೆ ಬರುತ್ತದೆ. ನನ್ನ ಮೊದಲ ದೊಡ್ಡ ಪ್ರಿಂಟಿನಲ್ಲಿ ಬಾಗಿಲಿನ ಕತ್ತಲು ಅಜ್ಜಿಯ ಅರ್ಧ ಸೀರೆಯನ್ನೂ ನುಂಗಿತ್ತು. ಮೊದಲು 4 × 6 ಇಂಚಿನದ್ದೊಂದು ಹಾಕಿಸಿ ಹಗಲು ಬೆಳಕಿನಲ್ಲಿ ನೋಡಿ. ಕಪ್ಪಾಗಿದ್ದರೆ ಕರ್ವ್ಸ್‌ನಲ್ಲಿ ನೆರಳಿನ ಭಾಗ ಎತ್ತಿ, ಆಮೇಲೆ ದೊಡ್ಡದು ಹಾಕಿಸಿ. ಹೊಳೆಯುವ ಕಾಗದ ಬೇಡ, ಮ್ಯಾಟ್ ಇರಲಿ. ಕ್ಯಾನ್ವಾಸ್ ಮೇಲೆ ಪ್ರಿಂಟ್ ಮಾಡಿಸುವುದಾದರೆ ಕಂಪ್ಯೂಟರಿನಲ್ಲಿ ಕ್ಯಾನ್ವಾಸ್ ಟೆಕ್ಸ್ಚರ್ ಹಾಕಬೇಡಿ. ನಿಜವಾದ ನೇಯ್ಗೆಯ ಮೇಲೆ ಸುಳ್ಳು ನೇಯ್ಗೆ ಬಂದು ಕಣ್ಣಿಗೆ ಕಿರಿಕಿರಿ.

ನೋಡುವುದಕ್ಕೂ ಸಮಯ ಕೊಡಿ

ಮೇಲೆ ಹೇಳಿದವರ ಚಿತ್ರಗಳನ್ನು ಮೊಬೈಲಿನಲ್ಲಿ ಹುಡುಕಿ ನೋಡಬಹುದು. ಆದರೆ ಸ್ಕ್ರೀನಿನಲ್ಲಿ ಅಳತೆ ಗೊತ್ತಾಗುವುದಿಲ್ಲ, ಬಣ್ಣದ ದಪ್ಪ ಗೊತ್ತಾಗುವುದಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿ, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು, ಮೈಸೂರಿನ ಜಗನ್ಮೋಹನ ಅರಮನೆ, ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಗಳು, ಹಂಪಿಯ ವಿರೂಪಾಕ್ಷ ದೇವಸ್ಥಾನದ ಮಂಟಪದ ಚಾವಣಿ. ಹೋಗುವ ಮುಂಚೆ ತೆರೆದಿದೆಯೇ ಅಂತ ವಿಚಾರಿಸಿಕೊಳ್ಳಿ.

ಹೋದಾಗ ಎಲ್ಲವನ್ನೂ ನೋಡಲು ಹೋಗಬೇಡಿ. ಮೂರು ಚಿತ್ರ ಆರಿಸಿ. ಪ್ರತಿಯೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ಮೊದಲು ದೂರದಿಂದ, ಆಮೇಲೆ ಬ್ರಷ್ಷಿನ ಗುರುತು ಕಾಣುವಷ್ಟು ಹತ್ತಿರದಿಂದ, ಮತ್ತೆ ದೂರದಿಂದ. ಅತಿ ಬೆಳಕು ಎಲ್ಲಿದೆ? ಎಲ್ಲಿ ಅಂಚು ಮಾಯವಾಗಿದೆ? ಏನನ್ನು ಬರೆಯದೆ ಬಿಟ್ಟಿದ್ದಾರೆ? ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಅದರ ನಾಲ್ಕು ತುಂಡಿನ ಕಪ್ಪು ಬಿಳುಪು ಗುರುತು ಹಾಕಿಕೊಳ್ಳಿ. ಇಂಥ ಹತ್ತು ಗುರುತು ಇದ್ದರೆ ನಿಮ್ಮ ಮುಂದಿನ ಫೋಟೊ ಆರಿಸುವಾಗಲೇ ಕಣ್ಣು ಬದಲಾಗಿರುತ್ತದೆ.

ಪ್ರತಿ ವರ್ಷ ಜನವರಿ ಹೊತ್ತಿಗೆ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ನಡೆಸುತ್ತಾರೆ. ಕುಮಾರಕೃಪಾ ರಸ್ತೆ ತುಂಬಾ ಕಲಾವಿದರೇ ತಮ್ಮ ಚಿತ್ರ ಇಟ್ಟುಕೊಂಡು ಕೂತಿರುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ಮಾತಾಡಲು ಅವರಿಗೂ ಪುರುಸೊತ್ತು ಇರುತ್ತದೆ. "ಇದನ್ನು ಎಲ್ಲಿಂದ ಶುರು ಮಾಡಿದ್ರಿ ಸರ್?" ಅಂತ ಕೇಳಿ ನೋಡಿ. ಬೆಲೆ ಕೇಳುವುದಕ್ಕಿಂತ ಈ ಪ್ರಶ್ನೆಗೆ ಮುಖ ಅರಳುತ್ತದೆ. ಕೈಲಾದರೆ ಒಂದು ಸಣ್ಣ ಚಿತ್ರವನ್ನಾದರೂ ಕೊಳ್ಳಿ. ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ.

ಹಕ್ಕಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 2015ರಲ್ಲಿ ಜರ್ಮನಿಯ ಸಂಶೋಧಕರು ಒಂದು ಚಿತ್ರದ ಶೈಲಿಯನ್ನು ಇನ್ನೊಂದು ಫೋಟೊಗೆ ಹಚ್ಚುವ ವಿಧಾನ ತೋರಿಸಿದ ಮೇಲೆ, ಅಂಥ ಆ್ಯಪ್‌ಗಳು ಬಹಳ ಬಂದಿವೆ. ಬದುಕಿರುವ ಕಲಾವಿದರ ಚಿತ್ರವನ್ನು ಅವರನ್ನು ಕೇಳದೆ ಅದಕ್ಕೆ ಉಣಿಸಿ, ಬಂದದ್ದನ್ನು ನಮ್ಮದು ಅಂತ ಮಾರುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಚಿತ್ರದ ಹಕ್ಕು ಕಲಾವಿದರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ 60 ವರ್ಷವೂ ಇರುತ್ತದೆ. ನಿಂತು ನೋಡಿ, ಗುರುತು ಹಾಕಿಕೊಂಡು, ನಮ್ಮ ಕೈಯಲ್ಲಿ ಮಾಡಿ ಕಲಿಯಲು ಯಾರ ಅಡ್ಡಿಯೂ ಇಲ್ಲ. ಬೇರೆಯವರು ತೆಗೆದ ಫೋಟೊ ಆಗಿದ್ದರೆ ಅವರ ಒಪ್ಪಿಗೆಯೂ ಬೇಕು, ಫೋಟೊದಲ್ಲಿ ಇರುವವರದ್ದೂ.

ಪ್ರಿಂಟ್ ಚೌಕಟ್ಟಿಗೆ ಹೋಗುವ ಮುಂಚೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ನಾಲ್ಕು ಸಾಲು ಬರೆಯಿರಿ: ಯಾರು, ಯಾವ ಊರು, ಫೋಟೊ ತೆಗೆದ ದಿನ, ಯಾರ ಚಿತ್ರ ನೋಡಿ ಏನು ಕಲಿತಿರಿ. ನನ್ನದರ ಹಿಂದೆ "ಬೆಳಕು ಹಳದಣಕರ್, ನೆರಳು ಪಂಡಿತ್, ಬಣ್ಣ ಚಿತ್ತಾರದ ಗೋಡೆ, ಅಕ್ಕಿ ಅಜ್ಜಿ ಹೇಳಿದ್ದು" ಅಂತ ಇದೆ.